ಬಿಸಿರಕ್ತವೆಂಬ ಸಬೂಬು

ಊರಿನಲ್ಲಿ ಗಲಾಟೆಯಾಗಿ ನಾಲ್ಕು ಅಂಗಡಿಗಳ ಗಾಜು ಒಡೆದು, ಇಬ್ಬರ ತಲೆಗೆ ಹೊಲಿಗೆ ಬಿದ್ದು, ಪೊಲೀಸರು ಬಂದು ಹತ್ತು ಹುಡುಗರನ್ನು ಜೀಪಿಗೆ ಹತ್ತಿಸಿಕೊಂಡು ಹೋದ ಮೇಲೆ ನಮ್ಮ ಹಿರಿಯರು ಆಡುವ ಮಾತು ಒಂದೇ: "ಬಿಸಿರಕ್ತ ನೋಡಿ, ಏನು ಮಾಡೋದು." ಈ ಮಾತನ್ನು ನಾನು ಸ್ಟಾಫ್ ರೂಮಿನಲ್ಲಿ ಕೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಅರಿಶಿನ ಕುಂಕುಮಕ್ಕೆ ಹೋದಲ್ಲಿ ಹೆಂಗಸರ ಬಾಯಲ್ಲೇ ಕೇಳಿದ್ದೇನೆ. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿರುವವಳು ನಾನು. ಹದಿನೈದು ಹದಿನಾರರ ಹುಡುಗರ ರಕ್ತ ಎಷ್ಟು ಬಿಸಿ ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಆ ಬಿಸಿ ಕಬಡ್ಡಿ ಅಂಕಣದಲ್ಲೂ ಇರುತ್ತದೆ, ಗಣಪತಿ ಕೂರಿಸುವ ಚಪ್ಪರದಲ್ಲೂ ಇರುತ್ತದೆ, ಮಳೆಗಾಲದಲ್ಲಿ ಹೊಳೆ ಈಜುವ ಹುಚ್ಚಿನಲ್ಲೂ ಇರುತ್ತದೆ. ಅದು ತಾನಾಗಿ ತಲವಾರು ಹಿಡಿಯುವುದಿಲ್ಲ. ಯಾರ ಮೇಲೆ ಹಿಡಿಯಬೇಕೆಂದು ಯಾರೋ ಕೂತು ಹೇಳಿಕೊಟ್ಟಿರುತ್ತಾರೆ, ಮತ್ತು ಹಾಗೆ ಹೇಳಿಕೊಟ್ಟವರ ರಕ್ತ ಯಾವತ್ತೂ ತಣ್ಣಗೇ ಇರುತ್ತದೆ.

ಇನ್ನೊಂದು ವಿಚಿತ್ರ ಗಮನಿಸಿ. ರಕ್ತ ಬಿಸಿಯಾಗುವುದು ನಮ್ಮ ಜಾತಿಯ, ನಮ್ಮ ಧರ್ಮದ ಹುಡುಗರಿಗೆ ಮಾತ್ರ. ಆಚೆ ಬೀದಿಯ ಹುಡುಗ ಅದೇ ಕಲ್ಲು ಎತ್ತಿಕೊಂಡರೆ ಅವನು ಭಯೋತ್ಪಾದಕ. ಆಚೆ ಬೀದಿಯಲ್ಲಿ ಕೂತು ಕೇಳಿಸಿಕೊಂಡರೆ ಇದೇ ಮಾತು ತಿರುವುಮುರುವಾಗಿ ಕೇಳಿಸುತ್ತದೆ. ಇನ್ನು ಹೆಣ್ಣುಮಕ್ಕಳಿಗಂತೂ ರಕ್ತ ಬಿಸಿಯಾಗುವ ಹಕ್ಕೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಹಪಾಠಿಯೊಡನೆ ಐದು ನಿಮಿಷ ನಿಂತು ಮಾತಾಡಿದ ಹುಡುಗಿಗೆ "ವಯಸ್ಸು, ಬಿಡಿ" ಎಂದು ಯಾರಾದರೂ ಹೇಳಿದ್ದುಂಟೇ? ಅವಳಿಗೆ ಕಾಲೇಜು ಬಿಡಿಸುತ್ತೇವೆ. ಕಲ್ಲು ಹೊಡೆದವನಿಗೆ ಜಾಮೀನು ಕೊಡುವವರನ್ನು ಹುಡುಕುತ್ತೇವೆ.

ಪಾಠ ಹೇಳಿ ಹೊಟ್ಟೆ ಹೊರೆಯುವವಳಾದ್ದರಿಂದ ನನ್ನ ಮನಸ್ಸಿನಿಂದ ಹೋಗದ ಪ್ರಕರಣ ಪಕ್ಕದ ಕೇರಳದ್ದು. ತೊಡುಪುಳದ ಕಾಲೇಜೊಂದರಲ್ಲಿ ಮಲಯಾಳಂ ಅಧ್ಯಾಪಕರಾಗಿದ್ದ ಟಿ.ಜೆ. ಜೋಸೆಫ್ 2010ರಲ್ಲಿ ಒಂದು ಆಂತರಿಕ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸಿದರು. ಲೇಖನ ಚಿಹ್ನೆ ಹಾಕಿ ಬರೆಯಲು ಕೊಟ್ಟ ಒಂದು ಸಂಭಾಷಣೆಯಿಂದ ಪ್ರವಾದಿಯವರಿಗೆ ಅವಮಾನವಾಯಿತೆಂದು ಗದ್ದಲವೆದ್ದಿತು. ಜುಲೈ 4, ಭಾನುವಾರ. ಅವರು ತಾಯಿ ಮತ್ತು ಸೋದರಿಯೊಡನೆ ಚರ್ಚಿನಿಂದ ಮೂವಾಟ್ಟುಪುಳದ ಮನೆಗೆ ಕಾರಿನಲ್ಲಿ ಬರುತ್ತಿದ್ದಾಗ ದಾರಿಯಲ್ಲಿ ಅಡ್ಡಗಟ್ಟಿ, ಹೊರಗೆಳೆದು, ತಾಯಿಯ ಕಣ್ಣೆದುರೇ ಅವರ ಬಲಗೈಯನ್ನು ಕತ್ತರಿಸಿದರು. ಪ್ರಶ್ನೆಪತ್ರಿಕೆ ಬರೆದ ಕೈ! ವರ್ಷಕ್ಕೆ ಎಷ್ಟೋ ಪ್ರಶ್ನೆಪತ್ರಿಕೆ ತಯಾರಿಸುವ ನಮ್ಮಂಥವರಿಗೆ ಈ ಸುದ್ದಿ ಓದಿದ ದಿನ ಅನ್ನ ಇಳಿದಿರಲಿಲ್ಲ. ವೈದ್ಯರು ಕೈಯನ್ನು ಮತ್ತೆ ಜೋಡಿಸಿದರು. ಆದರೆ ಆ ಹೊತ್ತಿಗಾಗಲೇ ಕಾಲೇಜಿನ ಕೆಲಸ ಕೈತಪ್ಪುತ್ತಿತ್ತು. ಅವರ ಹೆಂಡತಿ ಆಸ್ಪತ್ರೆ, ಕೋರ್ಟು, ಕೆಲಸವಿಲ್ಲದ ಮನೆ ಎಲ್ಲವನ್ನೂ ನಾಲ್ಕು ವರ್ಷ ತಲೆಯ ಮೇಲೆ ಹೊತ್ತು, 2014ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಪತ್ರಿಕೆಗಳು ಅದನ್ನು "ಕೈ ಕಡಿದ ಪ್ರಕರಣ" ಎಂದು ಕರೆಯುತ್ತವೆ. ನನ್ನ ಲೆಕ್ಕದಲ್ಲಿ ಅಲ್ಲಿ ಹೋದದ್ದು ಒಂದು ಕೈ ಮಾತ್ರವಲ್ಲ.

ಇನ್ನು ಕಡಿದವರ ಕಡೆ ನೋಡೋಣ. 2015ರಲ್ಲಿ ಎನ್‌ಐಎ ವಿಶೇಷ ನ್ಯಾಯಾಲಯ ಹದಿಮೂರು ಮಂದಿಯನ್ನು ಅಪರಾಧಿಗಳೆಂದಿತು. ಹತ್ತು ಜನರಿಗೆ ಎಂಟು ವರ್ಷ. ಉಳಿದ ಮೂವರಿಗೆ ಎರಡು ವರ್ಷ. 2023ರ ಜುಲೈಯಲ್ಲಿ ಇನ್ನೂ ಆರು ಮಂದಿಗೆ ಶಿಕ್ಷೆಯಾಯಿತು, ಅದರಲ್ಲಿ ಮೂವರಿಗೆ ಜೀವಾವಧಿ. ಮುಖ್ಯ ಆರೋಪಿ ಮಾತ್ರ ಸಿಕ್ಕಿರಲಿಲ್ಲ. ಅವನು ಸಿಕ್ಕಿದ್ದು 2024ರ ಜನವರಿಯಲ್ಲಿ, ಕಣ್ಣೂರು ಜಿಲ್ಲೆಯ ಮಟ್ಟನ್ನೂರಿನಲ್ಲಿ. ಬೇರೆ ಹೆಸರಿಟ್ಟುಕೊಂಡು ಬಡಗಿ ಕೆಲಸ ಮಾಡಿಕೊಂಡು ಸಂಸಾರ ಹೂಡಿದ್ದನಂತೆ. ಹದಿಮೂರು ವರ್ಷ! ಆ ಮನೆಯ ಹೆಂಗಸನ್ನು ನೆನೆಯಿರಿ. ತನ್ನ ಕೈಯಡುಗೆ ಉಂಡು, ತನ್ನ ಮಕ್ಕಳನ್ನು ಎತ್ತಿ ಆಡಿಸಿದವನ ನಿಜವಾದ ಹೆಸರು ಏನೆಂಬುದನ್ನು ಊರಿನವರ ಜೊತೆಗೆ ನಿಂತು ತಿಳಿಯಬೇಕಾದ ಗತಿ.

ಈ ಪ್ರಕರಣದಲ್ಲಿ ನಾವು ಹೆಂಗಸರು ಗಮನಿಸಬೇಕಾದ ಮುಖ್ಯ ಸಂಗತಿ ಬೇರೆಯೇ ಇದೆ. ಎರಡು ವರ್ಷ, ಮೂರು ವರ್ಷ ಎಂದು ಕಡಿಮೆ ಶಿಕ್ಷೆಯಾದವರು ಕತ್ತಿ ಹಿಡಿದವರಲ್ಲ, ಕತ್ತಿ ಹಿಡಿದವರಿಗೆ ಅಡಗಲು ಜಾಗ ಕೊಟ್ಟವರು. ನಮ್ಮ ಮನೆಗಳಲ್ಲಿ ಆಶ್ರಯ ಎಂಬುದು ಪುಣ್ಯದ ಮಾತು. ಹೊತ್ತು ಮೀರಿ ಬಂದವರಿಗೆ ಒಂದು ತುತ್ತು ಅನ್ನ, ಒಂದು ಚಾಪೆ. ಕಾನೂನು ಇದನ್ನು ಹೇಗೆ ನೋಡುತ್ತದೆ ಗೊತ್ತೇ? ಭಯೋತ್ಪಾದಕನೆಂದು ಗೊತ್ತಿದ್ದೂ ಅವನನ್ನು ಅಡಗಿಸಿಟ್ಟವರಿಗೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ, ಅಂದರೆ ಯುಎಪಿಎಯ, 19ನೇ ಸೆಕ್ಷನ್ನಿನಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್ನಿನಲ್ಲೂ ಅದೇ ಇದೆ. ಒಂದು ವಿನಾಯಿತಿ ಕೊಟ್ಟಿದ್ದಾರೆ. ಅಡಗಿಸಿಟ್ಟವರು ಅವನ ಹೆಂಡತಿಯಾಗಿದ್ದರೆ ಅಥವಾ ಅವಳ ಗಂಡನಾಗಿದ್ದರೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಅಲ್ಲಿಗೆ ವಿನಾಯಿತಿ ಮುಗಿಯಿತು. ತಾಯಿಯ ಹೆಸರು ಅಲ್ಲಿಲ್ಲ. ಅಕ್ಕನ ಹೆಸರಿಲ್ಲ, ಅತ್ತಿಗೆಯ ಹೆಸರಿಲ್ಲ. ಹೆತ್ತ ಕರುಳು, ಒಡಹುಟ್ಟು ಎಂದು ನಾವು ಎಷ್ಟೇ ಹೇಳಿದರೂ ಕಾಯ್ದೆಯ ಪುಸ್ತಕದಲ್ಲಿ ಅದಕ್ಕೆ ಒಂದು ಗೆರೆಯ ಜಾಗವೂ ಇಲ್ಲ. ಮಗ ರಾತ್ರಿ ಹನ್ನೆರಡಕ್ಕೆ ಕರೆದುಕೊಂಡು ಬಂದ "ಫ್ರೆಂಡ್" ಯಾರು, ಅಟ್ಟದ ಮೇಲಿಟ್ಟ ಚೀಲದಲ್ಲಿ ಏನಿದೆ ಎಂದು ಕೇಳುವುದು ಅತಿ ಅನುಮಾನವಲ್ಲ, ತಾಯಂದಿರೇ. ಅದು ನಿಮ್ಮ ಹಕ್ಕು.

ಇಷ್ಟು ಹೇಳಿದರೆ ಕೆಲವರಿಗೆ ಸಮಾಧಾನ. "ನೋಡಿ, ಅವರು ಹಾಗೇ" ಎನ್ನುತ್ತಾರೆ. ತಡೆಯಿರಿ. 2017ರ ಸೆಪ್ಟೆಂಬರ್ 5ರಂದು ನಾವು ಶಿಕ್ಷಕರ ದಿನಾಚರಣೆ ಮುಗಿಸಿ, ಮಕ್ಕಳು ಕೊಟ್ಟ ಗುಲಾಬಿ ಹೂಗಳನ್ನು ನೀರಿನ ಲೋಟದಲ್ಲಿಟ್ಟು ಮನೆಯಲ್ಲಿ ಕುಳಿತಿದ್ದ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಅವರ ಮನೆಯ ಎದುರೇ ಗುಂಡಿಟ್ಟು ಕೊಂದರು. ಅದಕ್ಕೂ ಎರಡು ವರ್ಷ ಹಿಂದೆ, 2015ರ ಆಗಸ್ಟ್ 30ರ ಬೆಳಿಗ್ಗೆ, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ. ಜೀವಮಾನವಿಡೀ ವಚನ, ಶಾಸನ, ಹಸ್ತಪ್ರತಿ ಎಂದು ಕಣ್ಣು ಸವೆಸಿದ ಎಪ್ಪತ್ತಾರರ ಮೇಷ್ಟ್ರು ಅವರು. ಇವೂ ಧರ್ಮದ ಹೆಸರಿನಲ್ಲಿ ಕುದಿದ ತಲೆಗಳ ಕೆಲಸವೆಂದೇ ತನಿಖೆ ಹೇಳಿತು. ಗೌರಿಯವರ ಪ್ರಕರಣದಲ್ಲಿ ಆರೋಪಿಗಳಾಗಿ ಜೈಲು ಸೇರಿದವರಲ್ಲಿ ನಮ್ಮ ನಿಮ್ಮ ಊರುಗಳಂಥ ಸಣ್ಣ ಊರುಗಳ ಹುಡುಗರಿದ್ದರು. ಅವರಲ್ಲಿ ಕೆಲವರು ತಪ್ಪು ಸಾಬೀತಾಗುವುದೋ ಇಲ್ಲವೋ ಎಂಬುದು ತೀರ್ಮಾನವಾಗುವ ಮೊದಲೇ ಆರು ವರ್ಷಕ್ಕೂ ಹೆಚ್ಚು ಕಾಲ ವಿಚಾರಣಾಧೀನ ಕೈದಿಗಳಾಗಿ ಕಳೆದರು. ಇಪ್ಪತ್ತೈದರಿಂದ ಮೂವತ್ತೆರಡು. ಬೇರೆ ಹುಡುಗರು ಕೆಲಸ ಹಿಡಿದು, ಮನೆ ಕಟ್ಟಿ, ಮಗುವಿಗೆ ನಾಮಕರಣ ಮಾಡುವ ವಯಸ್ಸು.

ಇದೇ ಸರಣಿಯಲ್ಲಿ ಮೊದಲಿನದು ಪುಣೆಯಲ್ಲಿ 2013ರ ಆಗಸ್ಟ್ 20ರಂದು ನಡೆದ ನರೇಂದ್ರ ದಾಭೋಲ್ಕರರ ಕೊಲೆ. ಅದರ ತೀರ್ಪು 2024ರ ಮೇ 10ರಂದು ಬಂತು. ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ. ಉಳಿದ ಮೂವರು ಸಾಕ್ಷ್ಯ ಸಾಲದೆ ಖುಲಾಸೆ. ಕೊಲೆಯ ಸೂತ್ರಧಾರ ಬೇರೆ ಯಾರೋ ಇದ್ದಾನೆ, ತನಿಖೆ ಮಾಡಿದವರು ಅವನನ್ನು ಹೊರಗೆಳೆಯಲಿಲ್ಲ ಎಂಬರ್ಥದ ಮಾತನ್ನು ನ್ಯಾಯಾಧೀಶರೇ ಬರೆದರು. ಕೇರಳದ ಜೋಸೆಫರೂ ತಮ್ಮ ಕೈ ಕಡಿದವರಿಗೆ ಶಿಕ್ಷೆಯಾದಾಗ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದರು: ಇವರು ಬರೀ ಆಯುಧಗಳು, ಆಯುಧ ಬೀಸಿದವರು ಹೊರಗಿದ್ದಾರೆ ಎಂದು. ಒಂದು ಕಡೆ ಮುಸ್ಲಿಂ ಹುಡುಗರು, ಇನ್ನೊಂದು ಕಡೆ ಹಿಂದೂ ಹುಡುಗರು. ಆದರೆ ಕತೆ ಒಂದೇ. ಕಾನೂನಿನ ಬಲೆಗೆ ಕೈ ಸಿಗುತ್ತದೆ, ನಾಲಿಗೆ ಸಿಗುವುದಿಲ್ಲ. ಮೈಕಿನ ಮುಂದೆ ನಿಂತು ಅಬ್ಬರಿಸಿದ ಮಹನೀಯರ ಮಗ ಎಲ್ಲಿ ಓದುತ್ತಾನೆ, ಸ್ವಲ್ಪ ವಿಚಾರಿಸಿ ನೋಡಿ. ಯಾವ ಮೆರವಣಿಗೆಯ ಮುಂದಿನ ಸಾಲಿನಲ್ಲೂ ಅವನು ಇರುವುದಿಲ್ಲ. ನನ್ನ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಫೇಲಾಗಿ, ಗ್ಯಾರೇಜಿನಲ್ಲೋ ಮೊಬೈಲ್ ಅಂಗಡಿಯಲ್ಲೋ ದುಡಿಯುವ ಹುಡುಗನೇ ಅಲ್ಲಿಗೆ ಬೇಕು. ಅವನಿಗೆ ಮೊದಲ ಸಲ ಯಾರೋ ಹೆಗಲ ಮೇಲೆ ಕೈ ಹಾಕಿ "ನೀನು ಹುಲಿ" ಎಂದಿರುತ್ತಾರೆ. ಆ ಮಾತನ್ನು ನಾವ್ಯಾರೂ, ಮನೆಯವರೂ ಮೇಷ್ಟ್ರುಗಳೂ, ಅವನಿಗೆ ಹೇಳಿರುವುದಿಲ್ಲ ಎಂಬುದು ಬೇರೆ ವಿಷಯ. ಅದನ್ನು ಬರೆದರೆ ಇನ್ನೊಂದು ಪ್ರಬಂಧವಾದೀತು.

ಮಲೆನಾಡಿನ ಕಡೆಯ ಇನ್ನೊಂದು ಬಗೆಯ ಉಗ್ರವಾದವೂ ಇದೆ. ಇದರಲ್ಲಿ ಹೆಣ್ಣುಮಕ್ಕಳೇ ಹೆಚ್ಚು ಕಳೆದುಹೋದರು ಎಂದು ನನ್ನ ಕೊರಗು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಕಾಡಿನಂಚಿನ ಬಡವರನ್ನು ಎಬ್ಬಿಸುತ್ತಾರೆಂಬ ಭಯ ಹುಟ್ಟಿದಾಗ ಅದರ ವಿರುದ್ಧ ದನಿಯೆತ್ತಿದ್ದು ನ್ಯಾಯವೇ ಆಗಿತ್ತು. ಮನೆ, ಗದ್ದೆ, ನಾಲ್ಕು ಅಡಿಕೆ ಮರ ಹೋಗುತ್ತದೆಂದರೆ ಯಾರಿಗೆ ಸಿಟ್ಟು ಬಾರದು? ಆ ಸಿಟ್ಟನ್ನು ಬಂದೂಕಿಗೆ ಜೋಡಿಸಿದವರು ಬಂದ ಮೇಲೆ ಏನಾಯಿತು? 2003ರ ನವೆಂಬರಿನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. 2008ರ ಮೇ ತಿಂಗಳಲ್ಲಿ ಹೆಬ್ರಿ ಬಳಿಯ ಸೀತಾನದಿಯಲ್ಲಿ, ಪೊಲೀಸರಿಗೆ ಸುಳಿವು ಕೊಡುತ್ತಾರೆಂಬ ಗುಮಾನಿಯ ಮೇಲೆ, ಒಬ್ಬ ಶಾಲಾ ಮಾಸ್ತರರನ್ನು ನಕ್ಸಲರು ಕೊಂದರು. ಮತ್ತೆ ಒಬ್ಬ ಮೇಷ್ಟ್ರು! ಬಡವರ ಪರವಾಗಿ ಹಿಡಿದ ಬಂದೂಕಿಗೆ ಕಾಣಿಸಿದ್ದು ಊರಿನ ಮಕ್ಕಳಿಗೆ ಅಕ್ಷರ ಕಲಿಸುವವನ ಎದೆ. 2024ರ ನವೆಂಬರಿನಲ್ಲಿ ಅದೇ ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದ. ಒಂದೂವರೆ ತಿಂಗಳು ಕಳೆದು, 2025ರ ಜನವರಿ 8ರಂದು, ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಶರಣಾದರು. ಆರರಲ್ಲಿ ನಾಲ್ವರು ಹೆಂಗಸರು.

ಆ ದಿನದ ಟೀವಿಯಲ್ಲಿ ಅವರ ಮುಖ ನೋಡಿದೆ. ಕಾಡು ಹೊಕ್ಕವರು ಎಷ್ಟೋ ವರ್ಷ ಕಳೆದು ಹೊರಬಂದಿದ್ದರು. ಮದುವೆ, ಮನೆ ಎಂದು ಹೇಳಿದರೆ ಕೆಲವರು ಮೂಗು ಮುರಿಯಬಹುದು. ಅವಷ್ಟೇ ಬದುಕಲ್ಲ, ಒಪ್ಪುತ್ತೇನೆ. ಆದರೆ ಓದು? ತಾಯಿಯ ಕೊನೆಗಾಲದಲ್ಲಿ ಪಕ್ಕದಲ್ಲಿ ಕೂರುವುದು? ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಹೋಗುವುದು? ಮಳೆಗಾಲದ ಕಾಡಿನಲ್ಲಿ ತಿಂಗಳ ರಜೆಯ ದಿನಗಳನ್ನು ಒಬ್ಬ ಹೆಂಗಸು ಹೇಗೆ ಕಳೆದಾಳು ಎಂಬುದನ್ನು ಯಾವ ಕ್ರಾಂತಿಯ ಪುಸ್ತಕದಲ್ಲೂ ನಾನು ಓದಿಲ್ಲ. ಶರಣಾದರೆ ಎಲ್ಲ ಮುಗಿಯಿತೆಂದೂ ಅಲ್ಲ. ಪುನರ್ವಸತಿ ಒಂದು ಕಡೆ, ಮೊಕದ್ದಮೆಗಳು ಇನ್ನೊಂದು ಕಡೆ. ಶರಣಾಗತಿಯೆಂಬ ಮಾತು ಯಾವ ಕೇಸನ್ನೂ ತಾನಾಗಿ ಅಳಿಸುವುದಿಲ್ಲ. ಒಂದೊಂದನ್ನೂ ನ್ಯಾಯಾಲಯದಲ್ಲಿ ನಿಂತೇ ಎದುರಿಸಬೇಕು.

ನಮ್ಮ ಊರಿನ ತಾಯಂದಿರು ಇದನ್ನೆಲ್ಲ ಕೇಳಿ, "ನಮ್ಮವನು ಅಷ್ಟು ದೂರ ಹೋಗುವವನಲ್ಲ" ಎಂದುಕೊಳ್ಳುತ್ತಾರೆ. ಇರಬಹುದು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಮನೆಗೆ ಬಂದು ಅತ್ತಿದ್ದರು: "ಅವನು ಬರೀ ನೋಡ್ಲಿಕ್ಕೆ ಹೋಗಿದ್ದ ಟೀಚರ್, ಒಂದು ಕಲ್ಲೂ ಮುಟ್ಟಿಲ್ಲ." ಇರಲಿ, ಮುಟ್ಟಿಲ್ಲ. ಐದು ಅಥವಾ ಹೆಚ್ಚು ಜನ ತಪ್ಪು ಉದ್ದೇಶಕ್ಕೆ ಸೇರಿದರೆ ಅದು ಅಕ್ರಮ ಕೂಟ. ಆ ಕೂಟದ ಉದ್ದೇಶ ಸಾಧಿಸಲು ಅದರಲ್ಲಿ ಒಬ್ಬ ಮಾಡಿದ ಅಪರಾಧಕ್ಕೆ ಉಳಿದ ಸದಸ್ಯರೆಲ್ಲ ಹೊಣೆ. ಹಳೆಯ ಐಪಿಸಿಯಲ್ಲಿ 149 ಆಗಿದ್ದದ್ದು ಈಗ ನ್ಯಾಯ ಸಂಹಿತೆಯ 190ನೇ ಸೆಕ್ಷನ್. ಸುಮ್ಮನೆ ನೋಡುತ್ತ ನಿಂತವರನ್ನು ಶಿಕ್ಷಿಸಬಾರದೆಂದು ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೆ ನೋಡಲು ನಿಂತಿದ್ದವನು, ಹೊಡೆಯಲು ನಿಂತಿದ್ದವನಲ್ಲ ಎಂದು ತೀರ್ಮಾನವಾಗುವ ಹೊತ್ತಿಗೆ ಆ ತಾಯಿಯ ಬಳೆ ಬ್ಯಾಂಕಿನಲ್ಲಿತ್ತು, ಹುಡುಗನ ಡಿಗ್ರಿ ಅರ್ಧಕ್ಕೆ ನಿಂತಿತ್ತು. ಕ್ರಿಮಿನಲ್ ಕೇಸು ಕೋರ್ಟಿನಲ್ಲಿರುವಾಗ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೊಲ್ಲಿ ದೇಶಕ್ಕೆ ಹೋಗಿ ದುಡಿಯಬೇಕೆಂದಿದ್ದವನು ಮೊದಲು ಕೋರ್ಟಿನ ಅನುಮತಿಗೆ ಅಲೆಯಬೇಕು. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಕೇಸಿದೆಯೇ ಎಂಬ ಕಾಲಂ ಇರುತ್ತದೆ. ಠಾಣೆಯಲ್ಲಿ ರೌಡಿ ಶೀಟ್ ತೆರೆದರಂತೂ ಪ್ರತಿ ಹಬ್ಬಕ್ಕೂ ಚುನಾವಣೆಗೂ ಕರೆ ಬರುತ್ತದೆ.

ಕೈಯಲ್ಲಿ ಕಲ್ಲೇ ಇರಬೇಕೆಂದಿಲ್ಲ, ಮೊಬೈಲ್ ಇದ್ದರೂ ಸಾಕು. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ದ್ವೇಷ ಹುಟ್ಟಿಸುವ ಮಾತಿಗೆ ನ್ಯಾಯ ಸಂಹಿತೆಯ 196ರಲ್ಲಿ ಮೂರು ವರ್ಷದವರೆಗೆ ಜೈಲು. ಅದು ಪೂಜಾಸ್ಥಳದಲ್ಲಾದರೆ ಐದು. ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ 2020ರ ಆಗಸ್ಟ್ 11ರ ರಾತ್ರಿ ನಡೆದದ್ದೆಲ್ಲ ಫೇಸ್‌ಬುಕ್ಕಿನ ಒಂದು ಬರಹದಿಂದ ಹೊತ್ತಿಕೊಂಡದ್ದು. ಠಾಣೆಗೆ ಬೆಂಕಿ, ಶಾಸಕರ ಮನೆಗೆ ಬೆಂಕಿ, ಗೋಲಿಬಾರಿನಲ್ಲಿ ಮೂವರ ಸಾವು, ನೂರಾರು ಜನರ ಬಂಧನ. ಜಾತಿ, ಧರ್ಮ, ಭಾಷೆಯಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಒಬ್ಬನನ್ನು ಕೊಂದರೆ ಈಗ 103ನೇ ಸೆಕ್ಷನ್ನಿನಲ್ಲಿ ಪ್ರತಿಯೊಬ್ಬನಿಗೂ ಮರಣದಂಡನೆ ಇಲ್ಲವೇ ಜೀವಾವಧಿ. ಇನ್ನು ಪ್ರಕರಣ ಯುಎಪಿಎ ಅಡಿಗೆ ಹೋಯಿತೆಂದರೆ ಆರೋಪಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನಗಳವರೆಗೆ ಸಮಯ ಸಿಗಬಹುದು. ಆರೋಪ ಮೇಲ್ನೋಟಕ್ಕೆ ನಿಜವೆಂದು ಕೋರ್ಟಿಗೆ ಅನ್ನಿಸಿದರೆ ಜಾಮೀನು ಇಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ಬಾಲನ್ಯಾಯ ಕಾಯ್ದೆಯ ರಕ್ಷಣೆ ಇದೆ; ಆದರೂ ಹದಿನಾರು ದಾಟಿದವರು ಘೋರ ಅಪರಾಧ ಮಾಡಿದರೆ ದೊಡ್ಡವರಂತೆ ವಿಚಾರಣೆಗೆ ಗುರಿಪಡಿಸಲು ಅವಕಾಶವಿದೆ. ಪಿಯುಸಿ ಮುಗಿಯುವ ಹೊತ್ತಿಗೆ ಹುಡುಗನಿಗೆ ಹದಿನೆಂಟಾಗಿರುತ್ತದೆ. ಅಂದಿನಿಂದ ಅವನು ಮಗುವಾಗಿ ಉಳಿಯುವುದು ನಮ್ಮ ಅಡುಗೆಮನೆಯಲ್ಲಿ ಮಾತ್ರ.

ಕಾನೂನನ್ನು ದೇವರೆಂದು ನಾನು ಹೇಳುತ್ತಿಲ್ಲ. 1985ರಲ್ಲಿ ಬಂದ ಟಾಡಾ ಕಾಯ್ದೆಯಲ್ಲಿ ಹಿಡಿದವರು ಹತ್ತಾರು ಸಾವಿರ, ಶಿಕ್ಷೆಯಾದವರು ಬೆರಳೆಣಿಕೆ. 1995ರಲ್ಲಿ ಅದನ್ನು ಕೈಬಿಡಬೇಕಾಯಿತು. 2002ರ ಪೋಟಾ ಎರಡೇ ವರ್ಷಕ್ಕೆ ರದ್ದಾಯಿತು. ನಮ್ಮ ಹುಬ್ಬಳ್ಳಿಯಲ್ಲೇ 2008ರಲ್ಲಿ ಭಯೋತ್ಪಾದನೆಯ ಸಂಚಿನ ಆರೋಪದ ಮೇಲೆ ಹಿಡಿದ ಯುವಕರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. 2015ರಲ್ಲಿ ಹದಿನೇಳು ಮಂದಿಯೂ ಖುಲಾಸೆಯಾದರು. ಡಾಕ್ಟರಾಗಬೇಕಿದ್ದವರ ಆ ವರ್ಷಗಳನ್ನು ಯಾವ ನ್ಯಾಯಾಲಯ ಹಿಂದಕ್ಕೆ ಕೊಟ್ಟೀತು? ಇಷ್ಟು ಬಿಗಿಯಾದ ಕಾಯ್ದೆಗಳು ಬೇಕೇ ಎಂಬ ಪ್ರಶ್ನೆ ನನಗೂ ಇದೆ, ಕೇಳಬೇಕಾದಲ್ಲಿ ಕೇಳುತ್ತೇನೆ. ಆದರೆ ಕಾಯ್ದೆ ಕುರುಡಾದಷ್ಟೂ ಅದರ ದಾರಿಗೆ ಮಕ್ಕಳನ್ನು ತಳ್ಳುವವರ ಪಾಪ ಹೆಚ್ಚಲ್ಲವೇ? ಹುಲಿ ಇರುವ ಕಾಡೆಂದು ಗೊತ್ತಿದ್ದೂ ಪರರ ಮಕ್ಕಳನ್ನು ಸೌದೆಗೆ ಕಳಿಸುವವರು ಇವರು.

"ನಾವು ಹೇಳಿದರೆ ಮಕ್ಕಳು ಕೇಳುತ್ತಾರಾ ಮೇಡಂ?" ಎಂದು ಮಹಿಳಾ ಮಂಡಳಿಯಲ್ಲಿ ಒಬ್ಬರು ಕೇಳಿದರು. ಕೇಳುತ್ತಾರೋ ಇಲ್ಲವೋ, ಮೊದಲು ನಾವು ಹೇಳಿದ್ದೇವೆಯೇ? ಬೈಕಿಗೆ ಪೆಟ್ರೋಲಿನ ದುಡ್ಡು ಕೊಡುವಾಗ ಎಲ್ಲಿಗೆ ಎಂದು ಕೇಳಿದ್ದೇವೆಯೇ? ಸೊಂಟಕ್ಕೆ ಶಾಲು ಬಿಗಿದು ಹೊರಟ ಮಗನ ಫೋಟೋ ತೆಗೆದು ತಂಗಿಗೆ ಕಳಿಸಿ, "ನೋಡೇ, ಥೇಟ್ ಹೀರೋ" ಎಂದ ತಾಯಿಯನ್ನು ನಾನು ಬಲ್ಲೆ. ಆಚೆ ಬೀದಿಯವರ ಬಗ್ಗೆ ಕುಟುಕು ಮಾತನ್ನು ಮಕ್ಕಳು ಮೊದಲು ಕಲಿಯುವುದು ಯಾವ ಸಂಘಟನೆಯ ಬೈಠಕ್ಕಿನಲ್ಲೂ ಅಲ್ಲ, ಯಾವ ಮದರಸಾದಲ್ಲೂ ಅಲ್ಲ. ಬೇಳೆ ಆರಿಸುತ್ತ, ಹೂ ಕಟ್ಟುತ್ತ ನಾವು ಆಡುವ ಮಾತಿನಲ್ಲಿ. 2022ರ ನವೆಂಬರಿನಲ್ಲಿ ಮಂಗಳೂರಿನ ಆಟೋ ಒಂದರಲ್ಲಿ ಸಿಡಿದದ್ದು ಕುಕ್ಕರ್. ನಮ್ಮ ಒಲೆಯ ಮೇಲಿನ, ಮೂರು ಸೀಟಿ ಹೊಡೆದರೆ ಅನ್ನವಾಗುವ, ಅದೇ ಕುಕ್ಕರ್. ಬಾಡಿಗೆಗೆ ದುಡಿಯುತ್ತಿದ್ದ ಆಟೋ ಚಾಲಕರು ಸುಟ್ಟ ಗಾಯಗಳಿಂದ ತಿಂಗಳುಗಟ್ಟಲೆ ನರಳಿದರು. ತಂದವನೂ ಅದರಲ್ಲೇ ಬೆಂದ.

ಹತ್ತನೆಯ ತರಗತಿಗೆ ನಾನು ಕಲಿಸುವ ಪಾಠಗಳಲ್ಲಿ ದೇಶದ ಸವಾಲುಗಳ ಮಾತು ಬರುತ್ತದೆ; ಕೋಮುವಾದ, ಭಯೋತ್ಪಾದನೆ ಎಂದೆಲ್ಲ ನಾಲ್ಕು ಸಾಲು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ನಾನು ಆ ನಾಲ್ಕು ಸಾಲನ್ನು ಎರಡು ಪೀರಿಯಡ್ ಮಾಡುತ್ತೇನೆ. ಸೆಕ್ಷನ್ ನಂಬರುಗಳನ್ನು ಬೋರ್ಡಿನ ಮೇಲೆ ಬರೆದು, ಎದುರಿಗೆ ಶಿಕ್ಷೆಯ ವರ್ಷಗಳನ್ನು ಬರೆದು, ಈಗಿನ ವಯಸ್ಸಿಗೆ ಅದನ್ನು ಕೂಡಿಸಲು ಹುಡುಗರಿಗೇ ಹೇಳುತ್ತೇನೆ. ಕೂಡಿಸುವಾಗ ಕ್ಲಾಸು ಮೌನವಾಗುತ್ತದೆ. ಹೋದ ವರ್ಷ ಒಬ್ಬ ತಂದೆ ಹೆಡ್‌ಮಾಸ್ತರರ ಬಳಿ ಬಂದು, "ನಿಮ್ಮ ಟೀಚರು ಮಕ್ಕಳನ್ನು ಹೆದರುಪುಕ್ಕಲರನ್ನಾಗಿ ಮಾಡುತ್ತಿದ್ದಾರೆ" ಎಂದು ದೂರು ಕೊಟ್ಟರಂತೆ. ಈ ವರ್ಷವೂ ಆ ಪಾಠ ಮಾಡುತ್ತೇನೆ, ಅದೇ ರೀತಿ ಮಾಡುತ್ತೇನೆ. ಆ ಮಹನೀಯರಿಗೆ ತಕರಾರಿದ್ದರೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ತಾವೂ ಕೂಡಿಸಬಹುದು.